ಎರಡು ಬಾವಿಗಳ ನಡುವೆ ಏನಿದೆ?

ಪ್ರಶ್ನೆ: ಕಾರವಾರದಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ತೈಲನಿಕ್ಷೇಪದ ಮೂರು ಆಯಾಮದ ಮಾದರಿಯನ್ನು ಐದಾರು ಬಾವಿಗಳ ಮಾಹಿತಿಯಿಂದಲೇ ಕಟ್ಟುತ್ತಾರಂತೆ. ನಡುವಿನ ಜಾಗ ತುಂಬುವುದು ಹೇಗೆ? ನಮ್ಮ ಕಡಲಲ್ಲೂ ಎಣ್ಣೆ ತೆಗೆಯುತ್ತಾರೆಯೇ?
— ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಮೊದಲು ಸೈಸ್ಮಿಕ್ ಸಮೀಕ್ಷೆಯಿಂದ (ನೆಲದೊಳಕ್ಕೆ ಕಂಪನ ತರಂಗ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ವಿಧಾನ) ಪದರಗಳನ್ನೂ ಸ್ತರಭಂಗಗಳನ್ನೂ (ಬಂಡೆ ಸೀಳಿ ಸರಿದ ಜಾಗಗಳು) ಗುರುತಿಸಿ ಚೌಕಟ್ಟು ಕಟ್ಟುತ್ತಾರೆ. ಸೈಸ್ಮಿಕ್ ಕೊಡುವುದು ಆಳವನ್ನಲ್ಲ, ತರಂಗ ಹೋಗಿಬರಲು ಹಿಡಿದ ಸಮಯವನ್ನು. ವೇಗ ಸೆಕೆಂಡಿಗೆ 3000 ಮೀಟರ್ ಇರುವಲ್ಲಿ 10 ಮಿಲಿಸೆಕೆಂಡ್ ತಪ್ಪಿದರೆ ಪದರ 15 ಮೀಟರ್ ಮೇಲೋ ಕೆಳಗೋ ಕೂರುತ್ತದೆ. ಎಣ್ಣೆಯ ಪದರವೇ 20 ಮೀಟರ್ ಇದ್ದರೆ ಲೆಕ್ಕವೆಲ್ಲ ಬುಡಮೇಲು.

ಆಮೇಲೆ ಚೌಕಟ್ಟನ್ನು ಕೋಶಗಳಾಗಿ ಸೀಳುತ್ತಾರೆ: ಅಗಲ 50ರಿಂದ 100 ಮೀಟರ್, ದಪ್ಪ ಒಂದು ಮೀಟರ್ ಆಸುಪಾಸು. ಬಾವಿಯ ಲಾಗ್, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಪಡೆದ ದಾಖಲೆ, ಸುಮಾರು 15 ಸೆಂಟಿಮೀಟರಿಗೊಂದು ಅಳತೆ ಕೊಡುತ್ತದೆ; ಅಂಥ ಆರೇಳನ್ನು ಒಂದು ಕೋಶಕ್ಕೆ ಒಂದಾಗಿಸಬೇಕು. ರಂಧ್ರತೆಗೆ (ಬಂಡೆಯಲ್ಲಿ ತೂತುಗಳ ಪಾಲು) ಸಾದಾ ಸರಾಸರಿ ಸಾಕು, ಪಾರಗಮ್ಯತೆಗೆ (ದ್ರವ ಎಷ್ಟು ಸರಾಗ ಹರಿಯುತ್ತದೆ ಎಂಬುದು) ಖಂಡಿತ ಸಾಲದು. ನಿಮ್ಮೂರಿನ ಚಿರೇಕಲ್ಲು ಕ್ವಾರಿಯ ಗೋಡೆ ನೋಡಿ. ಕೆಂಪು ಕಲ್ಲಿನ ತೂತುಗಳಲ್ಲಿ ಮಳೆನೀರು ಸರಾಗ ಇಳಿಯುತ್ತದೆ. ಅಡಿಯ ಶೇಡಿ ಮಣ್ಣಿನಲ್ಲಿ ರಂಧ್ರಗಳಿಗೇನೂ ಕೊರತೆಯಿಲ್ಲ, ಆದರೆ ತೀರಾ ಸಣ್ಣವು. ನೀರು ಅಲ್ಲೇ ತಡೆದು ಬದಿಗೆ ಒಸರುತ್ತದೆ. ಒಂದು ಮೀಟರ್ ಕೋಶದಲ್ಲಿ 90 ಸೆಂಟಿಮೀಟರ್ 100 ಮಿಲಿಡಾರ್ಸಿಯ (ಪಾರಗಮ್ಯತೆಯ ಅಳತೆಮಾನ) ಮರಳುಗಲ್ಲು, ಉಳಿದ 10 ಸೆಂಟಿಮೀಟರ್ 0.1 ಮಿಲಿಡಾರ್ಸಿಯ ಜೇಡಿ ಎಂದಿಟ್ಟುಕೊಳ್ಳಿ. ಸಾದಾ ಸರಾಸರಿ 90 ಎನ್ನುತ್ತದೆ. ಲಂಬ ಹರಿವಿಗೆ ಸರಿಯಾದ ಹಾರ್ಮೋನಿಕ್ ಸರಾಸರಿ (ಸಣ್ಣ ಬೆಲೆಗೇ ಹೆಚ್ಚು ತೂಕ ಕೊಡುವ ಸರಾಸರಿ) ಸುಮಾರು 1!

ಇನ್ನು ನಡುವಿನ ಜಾಗ. ಮೊದಲು ಶಿಲಾಬಗೆಗಳನ್ನು ಹಂಚಿ, ಪ್ರತಿಯೊಂದರೊಳಗೆ ರಂಧ್ರತೆ ತುಂಬಬೇಕು. ಎಷ್ಟು ದೂರದವರೆಗೆ ಬಂಡೆ ತನ್ನಂತೆಯೇ ಇರುತ್ತದೆ ಎಂಬುದನ್ನು ವೇರಿಯೋಗ್ರಾಮ್ ಹೇಳುತ್ತದೆ. ಐದಾರು ಬಾವಿಗಳಿಂದ ಬಾವಿಯಿಂದ ಬಾವಿಗಿರುವ ಅಡ್ಡದೂರದ ವೇರಿಯೋಗ್ರಾಮ್ ನಂಬುವಂತೆ ಸಿಗುವುದಿಲ್ಲ. ಸೈಸ್ಮಿಕ್‌ನಿಂದ, ಅದೇ ಬಗೆಯ ಇಂದಿನ ನಿಕ್ಷೇಪಗಳಿಂದ ಎರವಲು ತರಬೇಕು. ಗಂಗಾವಳಿ ಅಳಿವೆಯ ಮರಳುದಿಬ್ಬದ ಉದ್ದಕ್ಕೆ ನಡೆದರೆ ಮರಳೇ ಮರಳು, ಅಡ್ಡಕ್ಕೆ ನಡೆದರೆ ಬೇಗ ನೀರೋ ಕೆಸರೋ. ಎರಡೂ ದಿಕ್ಕಿಗೆ ಒಂದೇ ದೂರ ಕೊಟ್ಟರೆ ಮಾದರಿಯಲ್ಲಿ ದಿಬ್ಬದ ಬದಲು ದುಂಡನೆಯ ಮಚ್ಚೆಗಳು ಮೂಡುತ್ತವೆ. ಕ್ರಿಗಿಂಗ್‌ನ (ಸುತ್ತಲಿನ ಬಾವಿಗಳ ಬೆಲೆಗಳಿಂದ ನಡುವಿನ ಬೆಲೆ ಅಂದಾಜಿಸುವ ಲೆಕ್ಕ) ಒಂದೇ ನುಣುಪು ಚಿತ್ರಕ್ಕೆ ಮರುಳಾಗಬೇಡಿ. ನೀರು ನುಗ್ಗಿಬರುವ ಹೆಚ್ಚು ಪಾರಗಮ್ಯತೆಯ ದಾರಿಗಳು ಅದರಲ್ಲಿ ಅಳಿಸಿಹೋಗುತ್ತವೆ. ಸಿಮ್ಯುಲೇಶನ್‌ನಲ್ಲಿ, ಅಂದರೆ ಅದೇ ಬಾವಿ ಮಾಹಿತಿಗೆ ಹೊಂದುವ ಬೇರೆಬೇರೆ ಸಾಧ್ಯತೆಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ನೂರಾರು ಮಾದರಿ ತೆಗೆದು ಎಣ್ಣೆಯ ಪ್ರಮಾಣವನ್ನು ಒಂದು ಅಂಕಿಯಾಗಿ ಅಲ್ಲ, ವ್ಯಾಪ್ತಿಯಾಗಿ ಹೇಳಿ.

ನಮ್ಮ ಕಡಲು ಕೇರಳ–ಕೊಂಕಣ ಬೇಸಿನ್‌ಗೆ (ಮಣ್ಣುಮರಳು ಪದರ ಪದರವಾಗಿ ತುಂಬಿದ ತಗ್ಗು) ಸೇರಿದ್ದು. ಅಲ್ಲಿ ವಾಣಿಜ್ಯ ಉತ್ಪಾದನೆ ಇಲ್ಲ. 1974ರಲ್ಲಿ ಎಣ್ಣೆ ಸಿಕ್ಕ, ಮುಂಬೈ ಕರಾವಳಿಯಾಚೆಯ ಬಾಂಬೆ ಹೈ ಇದೇ ಅರಬ್ಬೀ ಸಮುದ್ರದ್ದಾದರೂ ಬೇರೆ ಬೇಸಿನ್. ಇಲ್ಲಿನ ಆಳಕಡಲಲ್ಲಿ ಬಸಾಲ್ಟ್ (ಲಾವಾ ಗಟ್ಟಿಯಾದ ಕಪ್ಪು ಕಲ್ಲು) ಪದರ ಸೈಸ್ಮಿಕ್ ತರಂಗಗಳನ್ನು ಚದುರಿಸುವುದರಿಂದ ಅದರಡಿಯ ಚಿತ್ರವೇ ಮಸುಕು.