ಅಂಗಡಿಯ ಡೈರಿ, ಲೆಟರ್‌ಪ್ಯಾಡಿಗೆ ಜೈನ ಚಿತ್ತಾರ: ಯಾವುದು ಹಾಕಬಹುದು, ಯಾವುದು ಬೇಡ

ದೀಪಾವಳಿಗೆ ಗಿರಾಕಿಗಳಿಗೆ ಕೊಡಲು ಡೈರಿ, ಲೆಟರ್‌ಪ್ಯಾಡ್, ಕವರ್, ಪೆನ್ನು ಮಾಡಿಸಬೇಕು, ಗೊಮ್ಮಟನ ಫೋಟೋ ಮತ್ತು ಣಮೋಕಾರ ಮಂತ್ರ ಹಾಕಿದರೆ ಹೇಗೆ ಅಂತ ಕೇಳಿದ್ದೀರಿ. ಆಸೆ ಒಳ್ಳೆಯದೇ. ಆದರೆ ಎರಡನ್ನೂ ಬಿಟ್ಟುಬಿಡಿ. ಕವರನ್ನು ಹರಿದೇ ತೆರೆಯುತ್ತಾರೆ. ರೀಫಿಲ್ ಮುಗಿದರೆ ಪೆನ್ನು ಕಸಕ್ಕೆ. ಹಳೇ ಡೈರಿ ರದ್ದಿಗೆ ಹೋಗಿ ಪೊಟ್ಟಣ ಆಗುತ್ತದೆ. ಕೈ ಮುಗಿಯುವ ರೂಪ, ಜಪ ಮಾಡುವ ಮಂತ್ರ ಅಲ್ಲಿಗೆ ಸೇರಬಾರದು, ಅಲ್ವಾ?

ಅದರ ಬದಲು ಲಾಂಛನ, ಅಂದರೆ ಒಬ್ಬೊಬ್ಬ ತೀರ್ಥಂಕರರಿಗೂ ಇರುವ ಗುರುತಿನ ಚಿಹ್ನೆ, ಬಳಸಿ. ನಿಮ್ಮೂರ ಬಸದಿಯ ಮೂಲನಾಯಕರು (ಅಲ್ಲಿ ಪೂಜೆಗೊಳ್ಳುವ ಮುಖ್ಯ ತೀರ್ಥಂಕರರು) ಪಾರ್ಶ್ವನಾಥರಾದರೆ ಹಾವು, ನೇಮಿನಾಥರಾದರೆ ಶಂಖ, ಶಾಂತಿನಾಥರಾದರೆ ಜಿಂಕೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಚಂದ್ರನಾಥರದು, ಹಾಗಾಗಿ ಆ ಕಡೆಯವರಿಗೆ ಅರ್ಧಚಂದ್ರ. ಒಂದೇ ಬಣ್ಣದ ಗೆರೆಚಿತ್ರ ಸಾಕು. ಗೊತ್ತಿದ್ದವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಅಂಚಿಗೆ ನನ್ನ ಮೊದಲ ಆಯ್ಕೆ ಶ್ರವಣಬೆಳಗೊಳದ ದೊಡ್ಡಬೆಟ್ಟದ ತ್ಯಾಗದ ಕಂಬದ ಬಳ್ಳಿ. ಕಲ್ಲಿನಲ್ಲಿ ಸುರುಳಿ ಸುರುಳಿಯಾಗಿ ಮೇಲೇರುವ ಆ ಬಳ್ಳಿಯ ಫೋಟೋ ನೀವೇ ತೆಗೆದು, ಒಂದು ಸುರುಳಿ ಟ್ರೇಸ್ ಮಾಡಿ, ಅದನ್ನೇ ಮರುಜೋಡಿಸಿ. ನಾಲ್ಕೂ ಕಡೆ ಬೇಡ, ಎಡ ಅಂಚಿಗೆ ಮಾತ್ರ, ತಿಳಿ ಬೂದು ಬಣ್ಣದಲ್ಲಿ. ಗಾಢವಾದರೆ ಬರೆದ ಅಕ್ಷರ ಕಾಣುವುದಿಲ್ಲ.

ಅಷ್ಟಮಂಗಲದ, ಅಂದರೆ ಎಂಟು ಮಂಗಳ ವಸ್ತುಗಳ, ಚಿತ್ರವನ್ನು ಗೂಗಲ್‌ನಿಂದ ಸುಮ್ನೆ ಇಳಿಸಿಕೊಳ್ಳಬೇಡಿ. ಜೋಡಿ ಮೀನು ಇದ್ದರೆ ಅದು ಶ್ವೇತಾಂಬರರ ಪಟ್ಟಿ. ನಮ್ಮ ಕಡೆಯ ದಿಗಂಬರ ಪದ್ಧತಿಯಲ್ಲಿ ಭೃಂಗಾರ (ಗಿಂಡಿ), ಕಲಶ, ಕನ್ನಡಿ, ಚಾಮರ, ಧ್ವಜ, ಬೀಸಣಿಗೆ, ಛತ್ರ, ಸುಪ್ರತಿಷ್ಠ (ಪೀಠ). ಇನ್ನೊಂದು ಮಾತು: ಮುಕ್ಕೊಡೆ (ಒಂದರ ಮೇಲೊಂದು ಇರುವ ಮೂರು ಕೊಡೆ) ನೋಡಲು ಚೆಂದ ಅಂತ ಅದರ ಕೆಳಗೆ ಅಂಗಡಿಯ ಹೆಸರು ಬರೆಸಬೇಡಿ. ಅದು ಜಿನರು ಕೂರುವ ಜಾಗ. ಲೆಟರ್‌ಹೆಡ್‌ಗೆ ಕಲಶ ಅಥವಾ ಕನ್ನಡಿ ಚೆನ್ನಾಗಿ ಹೊಂದುತ್ತದೆ.

ಜೈನ ಬಾವುಟದ ಪಂಚವರ್ಣದ ಪಟ್ಟಿ ಹಾಕುವುದಾದರೆ ಕೆಂಪು, ಹಳದಿ, ಬಿಳಿ, ಹಸಿರು, ಕಡುನೀಲಿ ಅಥವಾ ಕಪ್ಪು. ಈ ಕ್ರಮ ತಪ್ಪಬಾರದು. ಸ್ವಸ್ತಿಕ ಇದ್ದರೆ ಫಾಯಿಲ್ ಅಚ್ಚು ಮಾಡುವಾಗ ಅದು ತಿರುಗುಮುರುಗಾಗಬಹುದು, ಪ್ರೂಫ್ ಕೈಯಲ್ಲಿ ಹಿಡಿದು ನೋಡಿಯೇ ಒಪ್ಪಿಗೆ ಕೊಡಿ.

ಎಲ್ಲಕ್ಕಿಂತ ಜಾಸ್ತಿ ಗಮನ ಸಾಮಾನಿನ ಮೇಲಿರಲಿ. ಚರ್ಮದ ರಟ್ಟು ಬೇಡ, ರೇಷ್ಮೆ ರಿಬ್ಬನ್ ಬೇಡ, ಹತ್ತಿಯದು ಸಾಕು. ಬೈಂಡಿಂಗಿನ ಅಂಟು ಪ್ರಾಣಿಯ ಮೂಳೆ, ಚರ್ಮದಿಂದ ಮಾಡಿದ್ದಾ ಅಂತ ಕೇಳಿ. ಕೆಲವು ಕೈಕಾಗದಕ್ಕೆ ಜೆಲಾಟಿನ್ ಹಾಕಿರುತ್ತಾರೆ. ಮುಖಪುಟದಲ್ಲಿ ಅಹಿಂಸೆ, ಬೆನ್ನಿಗೆ ಮೂಳೆಯ ಅಂಟು ಅಂದರೆ ಏನು ಅರ್ಥ? ಕಾಗದದ ತೂಕ ರಟ್ಟಿಗೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ), ಲೆಟರ್‌ಹೆಡ್‌ಗೆ 100, ಒಳಪುಟಕ್ಕೆ 80 ಇರಲಿ.

ಡೈರಿಯನ್ನು ಜನವರಿಯಿಂದ ಶುರು ಮಾಡುವ ಬದಲು ದೀಪಾವಳಿಯ ಮರುದಿನದಿಂದ ಶುರು ಮಾಡಿ. ಮಹಾವೀರರ ನಿರ್ವಾಣದಿಂದ ಎಣಿಸುವ ವೀರ ನಿರ್ವಾಣ ಸಂವತ್ ಬದಲಾಗುವುದೂ ಆಗಲೇ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ದಿನಗಳನ್ನು ನಿಮ್ಮ ಮಠದ ಪಂಚಾಂಗ ನೋಡಿ ಗುರುತು ಹಾಕಿಸಿ. ಡೈರಿ ವರ್ಷವಿಡೀ ಮೇಜಿನ ಮೇಲಿರುವುದು ಈ ತಿಥಿಗಳಿಗಾಗಿಯೇ. ಬರೀ ನೋಟ್‌ಬುಕ್ ಕೊಡುವುದಾದರೆ ಜ್ಯೇಷ್ಠದ ಶ್ರುತಪಂಚಮಿ, ಅಂದರೆ ಶಾಸ್ತ್ರಗ್ರಂಥಗಳನ್ನು ಪೂಜಿಸುವ ಹಬ್ಬ, ಇನ್ನೂ ಒಳ್ಳೆಯ ದಿನ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ನಾಡು ನಮ್ಮದು.

ನಿಮ್ಮ ಬಸದಿಯ ಮೂಲನಾಯಕರು ಯಾರು ಅಂತ ಇಲ್ಲೇ ಬರೆಯಿರಿ. ಲಾಂಛನದ ಗೆರೆಚಿತ್ರ ಬಿಡಿಸಿ ಗುಂಪಿಗೆ ಹಾಕುತ್ತೇನೆ.