ಉಳಿದ 99 ಪಾಲು ಎಲ್ಲಿ?

ನಮಸ್ಕಾರ.

'ದೇವಕಣ ಕೊಟ್ಟ ತೂಕ' ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ. 2012ರ ಜುಲೈ 4ರಂದು ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ನಡೆದ, ಹಿಗ್ಸ್ ಕಣದ (ನಿಮ್ಮ 'ದೇವಕಣ'ದ) ಪತ್ತೆಯ ಘೋಷಣೆಯ ವಿವರಗಳೂ ಸರಿಯಾಗಿವೆ. ಆದರೆ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವು ಹೀಗೇ ಇದ್ದರೆ ಲೇಖನವನ್ನು ಅಚ್ಚಿಗೆ ಕಳಿಸಲಾರೆ.

ಮೊದಲನೆಯದು: 'ಹಿಗ್ಸ್ ಕಣ ಇಲ್ಲದಿದ್ದರೆ ಯಾವ ವಸ್ತುವಿಗೂ ದ್ರವ್ಯರಾಶಿ ಇರುತ್ತಿರಲಿಲ್ಲ.' ದ್ರವ್ಯರಾಶಿ ಕೊಡುವುದು ಎಲ್ಲೆಡೆ ಹರಡಿರುವ ಹಿಗ್ಸ್ ಕ್ಷೇತ್ರ. ಕಣ ಆ ಕ್ಷೇತ್ರದಲ್ಲೇಳುವ ಅಲೆ ಮಾತ್ರ. ಅದಿರಲಿ, ಇಲ್ಲಿ ಒಂದು ಕೂಡುವ ಲೆಕ್ಕವನ್ನೂ ನೀವು ಮಾಡಿಲ್ಲ. ನಾನು ಕೆಲಸ ಕಲಿಯುವಾಗ, ಅಂಚಿನಲ್ಲಿ ಲೆಕ್ಕ ಬಿಡಿಸಿ ತೋರಿಸದ ವಿಜ್ಞಾನ ಲೇಖನವನ್ನು ಹಿರಿಯ ಸಂಪಾದಕರು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಪ್ರೋಟಾನಿನಲ್ಲಿರುವುದು ಕ್ವಾರ್ಕ್ ಎಂಬ ಮೂಲಕಣಗಳು: ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಕಣಗಳ ದ್ರವ್ಯರಾಶಿ ಅಳೆಯುವ ಎಂಇವಿ ಮಾನದಲ್ಲಿ ಅಪ್ ಒಂದಕ್ಕೆ ಸುಮಾರು 2.2, ಡೌನ್‌ಗೆ 4.7. ಕೂಡಿದರೆ 9ರ ಆಸುಪಾಸು. ಪ್ರೋಟಾನಿನದೋ 938! ಹಿಗ್ಸ್ ಕ್ಷೇತ್ರ ಕ್ವಾರ್ಕುಗಳಿಗೆ ನೇರವಾಗಿ ಕೊಟ್ಟದ್ದು ನೂರರಲ್ಲಿ ಒಂದು ಪಾಲು. 60 ಕೆಜಿ ತೂಗುವ ಮನುಷ್ಯನಲ್ಲಿ ಅದು 600–700 ಗ್ರಾಂ.

ಉಳಿದದ್ದು ಶಕ್ತಿ. ಒಂದು ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಸಾವಿರದಲ್ಲೊಂದು ಭಾಗದಷ್ಟು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಕ್ವಾರ್ಕು ಸುಮ್ಮನಿರಲಾರದು. ಜಾಗ ಕಿರಿದಾದಷ್ಟೂ ಅದರ ಚಲನಶಕ್ತಿ ಏರಲೇಬೇಕು, ಅದು ಕ್ವಾಂಟಂ ನಿಯಮ. ಕ್ವಾರ್ಕುಗಳನ್ನು ಹಿಡಿದಿಟ್ಟಿರುವ ಗ್ಲುಆನ್ ಎಂಬ ಕಣಗಳಿಗೆ ಸ್ವಂತ ದ್ರವ್ಯರಾಶಿ ಸೊನ್ನೆ, ಆದರೂ ಶಕ್ತಿ ಇದೆ. ಇವೆಲ್ಲದರ ಮೊತ್ತವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಬರುವುದೇ ಪ್ರೋಟಾನಿನ ದ್ರವ್ಯರಾಶಿ. 2008ರಲ್ಲಿ ಪ್ರಕಟವಾದ ಸೂಪರ್‌ಕಂಪ್ಯೂಟರ್ ಲೆಕ್ಕವೊಂದು ಇದನ್ನು ಶೇಕಡಾ ಕೆಲವೇ ಅಂಶಗಳ ವ್ಯತ್ಯಾಸದಲ್ಲಿ ಮುಟ್ಟಿತು. ಇದನ್ನು ಬರೆಯುವಾಗ ನ್ಯೂಕ್ಲಿಯಸ್ಸಿನ ಬಂಧಕ ಶಕ್ತಿಯ ಜೊತೆ ಬೆರೆಸಬೇಡಿ. ಅದು ದ್ರವ್ಯರಾಶಿಯನ್ನು ಇಳಿಸುತ್ತದೆ: ಎರಡು ಪ್ರೋಟಾನು, ಎರಡು ನ್ಯೂಟ್ರಾನು ಸೇರಿ ಹೀಲಿಯಂ ನ್ಯೂಕ್ಲಿಯಸ್ ಆದಾಗ ಶೇ. 0.75ರಷ್ಟು ಕಡಿಮೆಯಾಗುತ್ತದೆ.

ಎರಡನೆಯದು: 'ಹಿಗ್ಸ್ ಕ್ಷೇತ್ರ ಬೆಲ್ಲದ ಪಾಕದಂತೆ, ಅದರೊಳಗೆ ಸಾಗುವ ಕಣ ನಿಧಾನವಾಗುತ್ತದೆ, ಆ ತಡೆಯೇ ದ್ರವ್ಯರಾಶಿ.' ಓದಲು ಸೊಗಸು, ಭೌತಶಾಸ್ತ್ರ ಮಾತ್ರ ತಪ್ಪು. ಪಾಕದಲ್ಲಿ ಕೈಬಿಟ್ಟ ಸೌಟು ನಿಂತುಹೋಗುತ್ತದೆ. ನಿರ್ವಾತದಲ್ಲಿ ಹೊರಟ ಎಲೆಕ್ಟ್ರಾನು ಯಾವ ಬಲವೂ ತಾಗದಿದ್ದರೆ ಅದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ. ಪಾಕ ತಡೆಯುವುದು ವೇಗವನ್ನು. ದ್ರವ್ಯರಾಶಿ ತಡೆಯುವುದು ವೇಗದ ಬದಲಾವಣೆಯನ್ನು. ಹೋಲಿಕೆಯನ್ನು ತೆಗೆದು ವಿಷಯವನ್ನೇ ಬರೆಯಿರಿ: ಖಾಲಿ ಜಾಗದಲ್ಲೂ ಈ ಕ್ಷೇತ್ರದ ಮೌಲ್ಯ ಸೊನ್ನೆಯಲ್ಲ, 246 ಜಿಇವಿ (1 ಜಿಇವಿ ಎಂದರೆ ಸಾವಿರ ಎಂಇವಿ). ಅದರಿಂದ ದ್ರವ್ಯರಾಶಿ ಪಡೆಯುವ ಪ್ರತಿ ಮೂಲಕಣವೂ ಅದರೊಡನೆ ತನ್ನದೇ ಬಿಗಿಯಲ್ಲಿ ಬೆಸೆದಿದೆ. ಆ ಬಿಗಿಯನ್ನು 246ರಿಂದ ಗುಣಿಸಿ 2ರ ವರ್ಗಮೂಲದಿಂದ ಭಾಗಿಸಿದರೆ ಕಣದ ದ್ರವ್ಯರಾಶಿ. ಅತಿ ಭಾರದ ಟಾಪ್ ಕ್ವಾರ್ಕಿನ ಬಿಗಿ ಹೆಚ್ಚುಕಡಿಮೆ 1, ಅದಕ್ಕೇ ಅದು 173 ಜಿಇವಿ. ಎಲೆಕ್ಟ್ರಾನಿನದು ಹತ್ತು ಲಕ್ಷದಲ್ಲಿ 3 ಪಾಲು, ಅದಕ್ಕೇ 0.511 ಎಂಇವಿ. ಈ ಬಿಗಿಗಳು ಏಕೆ ಇಷ್ಟಿಷ್ಟೇ ಎಂಬುದನ್ನು ಈಗಿನ ಸಿದ್ಧಾಂತ ಹೇಳುವುದಿಲ್ಲ. ಅದನ್ನೂ ಓದುಗರಿಗೆ ತಿಳಿಸಿ.

ತಿದ್ದುವ ಭರದಲ್ಲಿ ಹಿಗ್ಸ್‌ನ ಆ ಒಂದು ಪಾಲನ್ನು ಕಡೆಗಣಿಸಬೇಡಿ. ಪರಮಾಣುವಿನ ಗಾತ್ರ ಎಲೆಕ್ಟ್ರಾನಿನ ದ್ರವ್ಯರಾಶಿಗೆ ವಿಲೋಮ. ಆ ದ್ರವ್ಯರಾಶಿ ಇಳಿದಷ್ಟೂ ಪರಮಾಣು ಹಿಗ್ಗುತ್ತದೆ, ಸೊನ್ನೆಯಾದರೆ ಪರಮಾಣುವೇ ಕಟ್ಟಿಕೊಳ್ಳುವುದಿಲ್ಲ. ಡೌನ್ ಕ್ವಾರ್ಕು ಅಪ್‌ಗಿಂತ ಭಾರವಿರುವುದರಿಂದಲೇ ನ್ಯೂಟ್ರಾನು ಪ್ರೋಟಾನಿಗಿಂತ 1.3 ಎಂಇವಿ ಭಾರ. ತಿರುವುಮುರುವಾಗಿದ್ದರೆ ಪ್ರೋಟಾನೇ ಕ್ಷಯಿಸಿ, ಹೈಡ್ರೋಜನ್ ಉಳಿಯುತ್ತಿರಲಿಲ್ಲ. ಇದಕ್ಕೊಂದು ಪೂರ್ತಿ ಪ್ಯಾರಾ ಕೊಡಿ. ಜಾಗ ಸಾಲದಿದ್ದರೆ ಘೋಷಣೆಯ ದಿನದ ವರ್ಣನೆಯನ್ನು ಅರ್ಧಕ್ಕಿಳಿಸಿ, ಶೀರ್ಷಿಕೆ ಬದಲಿಸಿ, ತಿದ್ದಿದ ಪ್ರತಿ ಕಳಿಸಿ.