ಫಾರಂನಲ್ಲಿ ಆಂಟಿ, ಮನೆಯಲ್ಲಿ ದೊಡ್ಡಮ್ಮ

ಬೇರೆ ದೇಶಕ್ಕೆ ಹೋಗಿ ಮ್ಯಾನೇಜರ್ ಆದವರಿಂದ, ತಂಡದ ಜೊತೆ ಹೊಂದಿಕೆ ಆಗ್ತಿಲ್ಲ ಎಂದು ಸಲಹೆ ಕೇಳುವ ಫೋನು ನನಗೆ ಈಗೀಗ ಜಾಸ್ತಿ ಬರುತ್ತಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಇವರು ಉತ್ತರ ಕರ್ನಾಟಕದವರು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಒಂದು ಗೋದಾಮಿನಲ್ಲಿ 14 ಜನರ ತಂಡ ನೋಡಿಕೊಳ್ಳುತ್ತಾರೆ. “ಮೇಡಂ, ಯಾರೂ ನನ್ನ ಜೊತೆ ಮಾತಾಡ್ತಿಲ್ಲ. ಹೇಳಿದ ಕೆಲಸ ಮಾಡ್ತಾರೆ, ಅಷ್ಟೇ” ಎಂದರು. ತಂಡದ ಜುಲು ಸಮುದಾಯದ ಹೆಂಗಸೊಬ್ಬರು ಸಾವಿಗೆಂದು ಕ್ವಾಜುಲು-ನಟಾಲ್ ಪ್ರಾಂತ್ಯಕ್ಕೆ ಹೋಗಲು ರಜೆ ಕೇಳಿದ್ದರು. ಇವರು ಕೊಡಲಿಲ್ಲ. ಆಕೆ ಹೋದರು, ನಾಲ್ಕು ದಿನ ಬರಲಿಲ್ಲ. ವಾಪಸ್ ಬಂದ ಬೆಳಿಗ್ಗೆಯೇ ಇವರು ಎಲ್ಲರ ಎದುರು ವಾರ್ನಿಂಗ್ ಲೆಟರ್ ಕೈಗಿಟ್ಟರು.

ಕಾನೂನು ಇವರ ಕಡೆಗೇ ಇತ್ತು. ಅಲ್ಲಿನ 1997ರ ಕಾರ್ಮಿಕ ಕಾಯ್ದೆಯಲ್ಲಿ ಕುಟುಂಬದ ಕಾರಣಕ್ಕೆ ವರ್ಷಕ್ಕೆ 3 ದಿನ ಸಂಬಳದ ರಜೆ ಇದೆ. ಅಪ್ಪ ಅಮ್ಮ, ಅಜ್ಜ ಅಜ್ಜಿ, ಗಂಡ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು ತೀರಿಕೊಂಡರೆ ಅದು ಸಿಗುತ್ತದೆ. ಆ ಪಟ್ಟಿಯಲ್ಲಿ ಆಂಟಿ ಇಲ್ಲ.

ಮೂರನೇ ಸಲ ಮಾತಾಡುವಾಗ ಕೇಳಿದೆ: “ತೀರಿಕೊಂಡವರು ಯಾರು ಅಂತ ಆಕೆ ಹೇಳಿದ್ರು? ಅವರದೇ ಮಾತಲ್ಲಿ ಹೇಳಿ.”

“ಮಾಮ್‌ಖುಲು ಅಂದ್ರು. ನಾನು ಫಾರಂನಲ್ಲಿ ಆಂಟಿ ಅಂತ ಬರ್ಕೊಂಡೆ.”

“ಹಾಗಂದ್ರೆ ಏನು?”

ಗೊತ್ತಿರಲಿಲ್ಲ. ಅಲ್ಲೇ ಹುಡುಕಿ ನೋಡಿದರು. ಖುಲು ಅಂದರೆ ದೊಡ್ಡ. ದೊಡ್ಡ ಅಮ್ಮ, ಅಮ್ಮನ ಅಕ್ಕ.

“ಈಗ ಅದನ್ನೇ ಕನ್ನಡದಲ್ಲಿ ಹೇಳಿ.”

ಆ ಕಡೆಯಿಂದ ಸುಮಾರು ಹೊತ್ತು ಫ್ಯಾನ್ ತಿರುಗುವ ಸದ್ದು ಮಾತ್ರ ಬಂತು. “ದೊಡ್ಡಮ್ಮ” ಎಂದರು. ಆಮೇಲೆ ಮೆಲ್ಲಗೆ, “ಆಂಟಿ ಅಂದಾಗ ಪಕ್ಕದ ಮನೆಯವರ ಥರ ಕೇಳಿಸಿತ್ತು ಮೇಡಂ.”

ಅವರ ಆಫೀಸಿನ ಗೋಡೆಯ ಮೇಲೆ ‘ಉಬುಂಟು’, ಅಂದರೆ ಮನುಷ್ಯತ್ವ, ಎಂಬ ಪೋಸ್ಟರ್ ಇದೆಯಂತೆ. ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರಿಂದಲೇ ಅನ್ನುವ ಗಾದೆ ಅದರ ಕೆಳಗೆ. ದಿನಾ ಅದರ ಮುಂದೆಯೇ ಓಡಾಡುತ್ತಾರೆ.

ನಾನು ಕೊಟ್ಟ ಸಲಹೆ ಇಷ್ಟು. ಆಕೆಯನ್ನು ಕ್ಯಾಬಿನ್‌ಗೆ ಕರೆಸಬೇಡಿ, ನೀವೇ ಹೋಗಿ. ‘ಸಾವುಬೋನಾ’ ಅನ್ನಿ. ಅಲ್ಲಿನ ಆ ನಮಸ್ಕಾರದ ಮಾತಿನಲ್ಲೇ ‘ನಿಮ್ಮನ್ನು ನೋಡಿದೆವು’ ಅನ್ನುವ ಅರ್ಥ ಇದೆ. ದೊಡ್ಡಮ್ಮನ ಹೆಸರು ಕೇಳಿ. ಕೆಲಸದ ಮಾತು ಎತ್ತಲೇಬೇಡಿ. ಲೆಟರ್ ಕೊಟ್ಟಿದ್ದು ಎಲ್ಲರ ಎದುರು ಅಲ್ವಾ? ವಾಪಸ್ ತಗೊಳ್ಳೋದೂ ಎಲ್ಲರ ಎದುರೇ ಆಗಬೇಕು.

ಹೀಗಾದರೆ ಶಿಸ್ತು ಉಳಿಯುತ್ತಾ ಎಂದು ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ಉಬುಂಟು ಅಂದರೆ ಎಲ್ಲವನ್ನೂ ಸುಮ್ನೆ ಬಿಟ್ಟುಬಿಡುವುದು ಎಂದು ನಾನು ತಿಳಿದಿಲ್ಲ. ಅಲ್ಲಿ ವರ್ಣಭೇದ ಕಾಲದ ದೌರ್ಜನ್ಯಗಳ ವಿಚಾರಣೆಗೆಂದು ಆದ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಮನ್ವಯ ಆಯೋಗದಲ್ಲೂ ಕ್ಷಮಾದಾನ ಕೇಳಿದವರು ಮಾಡಿದ್ದನ್ನು ಪೂರ್ತಿ ಹೇಳಲೇಬೇಕಿತ್ತು. ಅದಕ್ಕೇ ಇನ್ನೊಂದು ಮಾತೂ ಸೇರಿಸಿದ್ದೆ. ಆ ನಾಲ್ಕು ದಿನ ಆಕೆಯ ಕೆಲಸ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಆಮೇಲೆ ತಂಡವೆಲ್ಲ ಕೂತು ಮಾತಾಡಲಿ, ಆಕೆಯೂ ಇರಲಿ. ಬಂಧ ಅಂದಮೇಲೆ ಎರಡೂ ಕಡೆಯ ಭಾರ ಲೆಕ್ಕಕ್ಕೆ ಬರಬೇಕು. ಆದರೆ ಮೊದಲು ಸಾವಿನ ಮಾತು, ಆಮೇಲೆ ಹಾಜರಿಯ ಮಾತು. ಈ ಕ್ರಮದಲ್ಲಿ ನಾನು ರಾಜಿ ಆಗುವುದಿಲ್ಲ.

ಒಂದು ಅಳುಕು ಮಾತ್ರ ಉಳಿದಿದೆ. ಆಕೆಯ ಬಾಯಿಂದ ನಾನು ಒಂದು ಮಾತನ್ನೂ ಕೇಳಿಲ್ಲ.

ಇವರು ಹೋಗಿ ಕೇಳಿದರು. ಆಕೆ ಹೆಸರು ಹೇಳಲಿಲ್ಲ. ಲೆಟರ್ ವಾಪಸ್ ಆಗಿ ಮೂರು ದಿನದ ಮೇಲೆ, ಶಿಫ್ಟ್ ಮುಗಿಸಿ ಹೊರಡುವಾಗ ಇವರ ಹತ್ತಿರ ನಿಂತು, ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದರಂತೆ. ರಜೆಯ ಪಟ್ಟಿಗೆ ದೊಡ್ಡಮ್ಮನನ್ನೂ ಸೇರಿಸಿ ಎಂದು ಇವರು ಎಚ್‌ಆರ್‌ಗೆ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.